ಆರನೇ ಕ್ಲಾಸಿನಲ್ಲಿ ಉಳಿದವರು

ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ರಿಸಲ್ಟ್ ಬಂದ ಕೂಡಲೇ ಸರ್ಕಾರಿ ಶಾಲೆಗಳ ಕಾಂಪೌಂಡಿಗೆ ಫ್ಲೆಕ್ಸ್ ಬೀಳುತ್ತೆ. ಆಯ್ಕೆಯಾದ ಮಗುವಿನ ಫೋಟೊ, ಪಕ್ಕದಲ್ಲಿ ಅದಕ್ಕಿಂತ ದೊಡ್ಡದಾಗಿ ಊರಿನ ಮುಖಂಡರ ಫೋಟೊ. ಸಂತೋಷವೇ ಬಿಡಿ. ಆದರೆ ಈ ಎರಡೂ ಕಡೆ ಪ್ರವೇಶ ಆರನೇ ತರಗತಿಗೆ. ಐದು ವರ್ಷ ಓದಿಸಿದ ಶಾಲೆ, ಚುರುಕಾದ ಮಗು ಬೇರೆ ಕಡೆ ಹೋಗಿದ್ದಕ್ಕೆ ಬೆನ್ನು ತಟ್ಟಿಸಿಕೊಳ್ಳುತ್ತೆ. ಉಳಿದ ಎಂಟೋ ಹತ್ತೋ ಮಕ್ಕಳು ಅಲ್ಲೇ ಆರಕ್ಕೆ ಕೂರುತ್ತಾರೆ. ಸಣ್ಣ ಹಿರಿಯ ಪ್ರಾಥಮಿಕ ಶಾಲೆ ಗೆದ್ದಿದೆಯೋ ಇಲ್ಲವೋ ಅನ್ನೋದನ್ನ ಈ ಉಳಿದವರನ್ನು ನೋಡಿ ಹೇಳಬೇಕು ಅನ್ನೋದು ನನ್ನ ವಾದ.

ನಾನು ನೋಡಿದ ಒಂದು ಆರನೇ ಕ್ಲಾಸು. ಒಬ್ಬಳು ಹುಡುಗಿ 1/2ಕ್ಕೆ 1/3 ಕೂಡಿಸಿ 2/5 ಅಂತ ಬರೆದಿದ್ದಳು. ಮೇಲಿಂದಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು. ಮೇಡಂ ತಪ್ಪು ಅಂತ ಗೀಟು ಹಾಕಲಿಲ್ಲ. ಹಳೇ ನೋಟ್‌ಬುಕ್ಕಿನ ಎರಡು ಹಾಳೆ ಹರಿದು ಕೊಟ್ಟು, ಒಂದನ್ನ ಅರ್ಧ ಮಡಿಸು, ಇನ್ನೊಂದರಲ್ಲಿ ಐದು ಪಾಲು ಮಾಡಿ ಎರಡು ತಗೋ ಅಂದರು. ಅವಳು ಪಕ್ಕಪಕ್ಕ ಇಟ್ಟು ನೋಡಿದಳು. "ಮಿಸ್, ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತು?" ಆ ಪ್ರಶ್ನೆ ಅವಳದೇ. ಅರ್ಧ, ಮೂರನೇ ಒಂದು ಎರಡನ್ನೂ ಆರು ಪಾಲಿನಲ್ಲಿ ಕೂಡಿಸೋ ಲೆಕ್ಕಕ್ಕೆ ಬರೋ ಹೊತ್ತಿಗೆ ಬೆಲ್ ಹೊಡೀತು, ಉಳಿದದ್ದು ನಾಳೆಗೆ. ಅರವತ್ತು ಮಕ್ಕಳ ಕ್ಲಾಸಿನಲ್ಲಿ ಅವಳ ಪುಸ್ತಕ ಯಾರ ಕಣ್ಣಿಗೆ ಬೀಳುತ್ತಿತ್ತು? ಸಣ್ಣ ಶಾಲೆಯ ಲಾಭ ಇರೋದೇ ಇಲ್ಲಿ. ಆದರೆ ಆ ಮೇಡಂ ನಾಳೆಯೂ ಅಲ್ಲಿರಬೇಕಲ್ಲ!

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ 6ರಿಂದ 8ರವರೆಗೆ ಗಣಿತ-ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು ಅಂತಿದೆ. ನಡೆಯೋದು ಬೇರೆ. ಎರಡು ಮನೆಯವರು ಮಕ್ಕಳನ್ನ ಕಾನ್ವೆಂಟ್ ವ್ಯಾನಿಗೆ ಹತ್ತಿಸುತ್ತಾರೆ, ದಾಖಲಾತಿ ಇಳಿಯುತ್ತೆ, ಲೆಕ್ಕದಲ್ಲಿ ಒಬ್ಬ ಮೇಷ್ಟ್ರು ‘ಹೆಚ್ಚುವರಿ’ ಆಗ್ತಾರೆ, ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೇರೆ ಕಡೆ ಹೋಗ್ತಾರೆ. ಗಣಿತಕ್ಕೆ ಮೇಷ್ಟ್ರಿಲ್ಲ ಅಂತ ಮುಂದಿನ ಜೂನ್‌ನಲ್ಲಿ ಇನ್ನೂ ನಾಲ್ಕು ಮನೆಯವರು ಮಕ್ಕಳನ್ನ ಬಿಡಿಸ್ತಾರೆ. ಆಮೇಲೆ ಅತಿಥಿ ಶಿಕ್ಷಕರು; ಪಾಪ, ಅವರಿಗೆ ಮುಂದಿನ ವರ್ಷ ತಾವೇ ಇರ್ತೀವೋ ಇಲ್ವೋ ಗೊತ್ತಿರಲ್ಲ. ಜನರಿಗೆ ಸರ್ಕಾರಿ ಶಾಲೆ ಬೇಡವಾಗಿದೆ ಅಂತ ಭಾಷಣ ಮಾಡೋರು ಈ ಸರಪಳಿ ಎಲ್ಲಿಂದ ಶುರುವಾಯ್ತು ಅಂತ ನೋಡಲ್ಲ.

ಇದ್ದವರಿಗಾದರೂ ಬಿಡುವುಂಟಾ? ಪೂರ್ಣಾವಧಿ ಮುಖ್ಯೋಪಾಧ್ಯಾಯರನ್ನು ಕಾಯ್ದೆ ಕೊಡೋದು ನೂರಕ್ಕಿಂತ ಹೆಚ್ಚು ಮಕ್ಕಳಿದ್ದಾಗ ಮಾತ್ರ. ಸಣ್ಣ ಶಾಲೆಯಲ್ಲಿ ಹೆಡ್‌ಮೇಷ್ಟ್ರು ಪಾಠವನ್ನೂ ಮಾಡಬೇಕು, ಎಸ್‌ಎಟಿಎಸ್ (ಮಕ್ಕಳ ವಿವರದ ಆನ್‌ಲೈನ್ ದಾಖಲೆ) ಎಂಟ್ರಿಯನ್ನೂ ಮಾಡಬೇಕು, ಮೊಟ್ಟೆಗೂ ಲೆಕ್ಕ ಬರೀಬೇಕು. ಮೊಟ್ಟೆ ಬೇಡ ಅಂತಲ್ಲ, ಬಿಸಿಯೂಟ, ಹಾಲು, ಮೊಟ್ಟೆ ಎಲ್ಲ ಬೇಕೇ ಬೇಕು. ಸರ್ಕಾರ ಕೊಡೋ ದುಡ್ಡಿಗೆ ಚಳಿಗಾಲದಲ್ಲಿ ಯಾವ ಅಂಗಡಿಯವನು ಮೊಟ್ಟೆ ಕೊಡ್ತಾನೆ ಅನ್ನೋದಷ್ಟೇ ಪ್ರಶ್ನೆ. 2025ರ ಜಾತಿ ಸಮೀಕ್ಷೆಗೆ ಮೇಷ್ಟ್ರುಗಳೇ ಮನೆಮನೆ ಅಲೆದರು, ದಸರಾ ರಜೆ ಅಕ್ಟೋಬರ್ 18ರವರೆಗೆ ಎಳೆಯಿತು. ಕಾನ್ವೆಂಟ್ ಟೀಚರಿಗೆ ಇಂಥ ಡ್ಯೂಟಿ ಹಾಕಿದ್ದನ್ನ ನಾನಂತೂ ಕಂಡಿಲ್ಲ.

ಸ್ಮಾರ್ಟ್ ಕ್ಲಾಸ್, ಗೋಡೆಗೆ ರೈಲು ಡಬ್ಬಿಯ ಪೇಂಟು, ದಾನಿಗಳ ಬ್ಯಾಗು: ಇರಲಿ, ಚೆಂದ. ಎಸ್‌ಡಿಎಂಸಿ (ಪೋಷಕರ ಶಾಲಾಭಿವೃದ್ಧಿ ಸಮಿತಿ) ಚುರುಕಾಗಿದ್ದರೆ ಇವೆಲ್ಲ ತಾನಾಗೇ ಬರುತ್ತೆ. ಆದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ (ಬಿಇಓ) ಆಫೀಸಿಗೆ ಹೋಗಿ ಕಾಂಪೌಂಡ್ ಕೇಳೋ ಬದಲು ‘ಈ ಗಣಿತದ ಮೇಡಂ ಮೂರು ವರ್ಷ ಇಲ್ಲೇ ಇರಲಿ’ ಅಂತ ಪಟ್ಟು ಹಿಡಿದು ಕೂರೋ ಎಸ್‌ಡಿಎಂಸಿ ಎಷ್ಟಿದೆ?

ಈಗ ಸಣ್ಣ ಶಾಲೆಗಳನ್ನ ಕರ್ನಾಟಕ ಪಬ್ಲಿಕ್ ಶಾಲೆಗೆ (ಕೆಪಿಎಸ್) ಸೇರಿಸೋ ಮಾತು ನಡೀತಿದೆ. ದೊಡ್ಡ ಕ್ಯಾಂಪಸ್ಸು, ಲ್ಯಾಬು, ಬಸ್ಸು. ಲ್ಯಾಬ್ ಬೇಕು, ಒಪ್ತೀನಿ. ಬಸ್ಸು ಎಷ್ಟು ವರ್ಷ ಓಡುತ್ತೆ, ಡೀಸೆಲ್ ದುಡ್ಡು ಯಾರದು, ಮಳೆಗಾಲದಲ್ಲಿ ನಮ್ಮ ಕಡೆಯ ರಸ್ತೆಗೆ ಬರುತ್ತಾ ಅಂತ ಬರಹದಲ್ಲಿ ಕೊಡಲಿ. ಬಸ್ ನಿಂತ ದಿನ ಹುಡುಗ ಯಾರದೋ ಬೈಕ್ ಹತ್ತಿ ಹೋಗ್ತಾನೆ. ಹುಡುಗಿಯನ್ನ ಮನೆಯವರು ‘ಇವತ್ತು ಬೇಡ’ ಅಂತಾರೆ, ನಾಳೆನೂ ಬೇಡ ಅಂತಾರೆ.