ಬೆಳೆ ಕಾಯೋಕೆ ಗಿಡದ ರಸವೇ ಸಾಕಾ?

ಪರ: ಹುಳ ಸಾಯೋದು ಬೇಡ, ತಿನ್ನೋದು ನಿಲ್ಲಿಸಿದರೆ ಸಾಕು

ಔಷಧಿ ಹೊಡೆದ ಮಾರನೇ ದಿನ ಎಲ್ಲರೂ ಬಗ್ಗಿ ನೋಡೋದು ಒಂದನ್ನೇ, ಎಷ್ಟು ಹುಳ ಸತ್ತು ಬಿದ್ದಿವೆ ಅಂತ. ಸತ್ತರೇನು, ಬದುಕಿದರೇನು? ಎಲೆ ಉಳಿಯಿತಾ ನೋಡಿ.

1959ರಲ್ಲಿ ಸುಡಾನಿನಲ್ಲಿ ಮಿಡತೆ ದಂಡು ಸುತ್ತಲಿನ ಹಸಿರನ್ನೆಲ್ಲ ಬೋಳಿಸಿತು, ಬೇವಿನ ಮರ ಮಾತ್ರ ಉಳಿಯಿತು. ಜರ್ಮನಿಯ ಕೀಟ ವಿಜ್ಞಾನಿ ಹೈನ್ರಿಷ್ ಶ್ಮುಟರರ್ ಅದನ್ನು ಗಮನಿಸಿದರು. 1968ರಲ್ಲಿ ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಅನ್ನೋ ರಾಸಾಯನಿಕ ಬೇರ್ಪಡಿಸಲಾಯಿತು. ಇದರ ರುಚಿ ತಗುಲಿದರೆ ಮಿಡತೆ ಬಾಯಿ ಮುಚ್ಚಿಕೊಳ್ಳುತ್ತದೆ. ಹಟ ಮಾಡಿ ತಿಂದ ಮರಿಹುಳುವಿಗೆ ಪೊರೆ ಕಳಚುವ ಹಾರ್ಮೋನು ಕೈಕೊಟ್ಟು, ಹಳೇ ಚರ್ಮದೊಳಗೇ ಸಿಕ್ಕಿಬೀಳುತ್ತದೆ. ಈ ಅಣುವನ್ನು ಲ್ಯಾಬಿನಲ್ಲಿ ಕಟ್ಟಲು ಕೇಂಬ್ರಿಜ್ಜಿನವರಿಗೆ 22 ವರ್ಷ ಹಿಡಿಯಿತು, ಮುಗಿದದ್ದು 2007ರಲ್ಲಿ. ಮರ ಅದನ್ನು ಸುಮ್ನೆ ಮಾಡಿ ಕೆಳಗೆ ಉದುರಿಸುತ್ತದೆ!

ನನ್ನ ಬದನೆ ಗಿಡದ ಕಥೆ ಹೇಳಲೇಬೇಕು. ಎಲೆಗಳೆಲ್ಲ ಜರಡಿಯಾಗಿದ್ದವು. ಬೆನ್ನ ಮೇಲೆ ಚುಕ್ಕಿಯಿರುವ ಹುಳಗಳು ಕಂಡವು, ಇವೇ ಕಳ್ಳರು ಅಂತ ಬಾಟಲಿ ಔಷಧಿ ಹೊಡೆದೆ. ಎಲ್ಲ ಸತ್ತವು. ವಾರದೊಳಗೆ ಕುಡಿಗಳ ತುಂಬ ರಸ ಹೀರುವ ಗಿಡಹೇನು. ಆಮೇಲೆ ಗೊತ್ತಾಯಿತು, ನಾನು ಕೊಂದವರಲ್ಲಿ ಎಲೆ ತಿನ್ನುವವರ ಜೊತೆ, ಅವರಂತೆಯೇ ಕಾಣುವ, ಹೇನು ತಿಂದು ಬದುಕುವ ಗುಲಗಂಜಿ ಹುಳಗಳೂ ಇದ್ದವು. ಮುಂದಿನ ಸಲ ಬೇವಿನ ಬೀಜ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಸಂಜೆ ಹೊಡೆದೆ. ನಾಲ್ಕು ದಿನ ಒಂದು ಹುಳವೂ ಸಾಯಲಿಲ್ಲ, ಮನೆಯಲ್ಲಿ ನಕ್ಕರು. ಐದನೇ ದಿನ ಬಂದ ಎಲೆಗಳು ಮಾತ್ರ ಇಡಿಯಾಗಿದ್ದವು. ಗುಲಗಂಜಿಗಳೂ ಓಡಾಡಿಕೊಂಡಿದ್ದವು.

ಬಿಸಿಲಿಗೆ ಈ ಬೇವಿನ ರಸ ಕೆಟ್ಟುಹೋಗುತ್ತದಂತೆ. ಹೋಗಲಿ ಬಿಡಿ! ಯಾವತ್ತೂ ಕೆಡದ್ದೇ ಬೇಕೆನ್ನುವವರು ಪ್ಲಾಸ್ಟಿಕ್ ಗಿಡ ಇಟ್ಟುಕೊಳ್ಳಲಿ, ಹುಳವೂ ಬರೋದಿಲ್ಲ.

ವಿರೋಧ: ಗಿಡ ಮಾಡಿದ್ದೂ ವಿಷವೇ

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲೂ ಬೇವಿನೆಣ್ಣೆ ಬಾಟಲಿ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ.

ಆದರೆ 'ನೈಸರ್ಗಿಕ' ಅಂದ ಕೂಡಲೇ ಕೈಮುಗಿಯೋದು ಯಾಕೆ? ತಂಬಾಕಿನ ನಿಕೋಟಿನ್ ಹಳೇ ಕಾಲದ ಕೀಟನಾಶಕ, ಮನುಷ್ಯರನ್ನೂ ಕೊಲ್ಲುತ್ತದೆ. ಬೇರುಗಳಿಂದ ತೆಗೆಯುವ ರೊಟೆನೋನ್ ಮೀನು ಸಾಯಿಸುವ ವಿಷ. ಇಲಿಗಳಿಗೆ ಕೊಟ್ಟು ನೋಡಿದಾಗ ಪಾರ್ಕಿನ್‌ಸನ್ ಕಾಯಿಲೆಯಂಥ ನಡುಕ ಬಂದದ್ದು 2000ರಲ್ಲಿ ವರದಿಯಾಯಿತು. ಅಮೆರಿಕದಲ್ಲಿ 'ಲೆನಾಪೆ' ಅಂತ ಒಂದು ಆಲೂಗಡ್ಡೆ ತಳಿ ಬಂದಿತ್ತು, ಚಿಪ್ಸಿಗೆ ಭಾರೀ ಚೆನ್ನಾಗಿತ್ತಂತೆ. ಅದರಲ್ಲಿ ಸೊಲನೈನ್ ಜಾತಿಯ ವಿಷ ಜಾಸ್ತಿ ಇದೆಯೆಂದು ತಿಳಿದು 1970ರಲ್ಲಿ ವಾಪಸ್ ತೆಗೆದುಕೊಂಡರು. ಯಾರೂ ಏನೂ ಸಿಂಪಡಿಸಿರಲಿಲ್ಲ, ಗಿಡ ತನ್ನ ರಕ್ಷಣೆಗೆ ತಾನೇ ಮಾಡಿಕೊಂಡದ್ದು.

ಹುಳಗಳೂ ಪೆದ್ದಲ್ಲ. ಸಾಸಿವೆ, ಎಲೆಕೋಸು ತಮ್ಮ ಖಾರದಿಂದ ಬಹಳ ಹುಳಗಳನ್ನು ದೂರ ಇಡುತ್ತವೆ, ಕೋಸಿನ ಚಿಟ್ಟೆಗೆ ಮಾತ್ರ ಆ ಖಾರವೇ ಮೊಟ್ಟೆ ಇಡಲು ಕರೆ. ಇನ್ನು ಬೇವಿನ ಬೀಜದ ಸತ್ವ ಮರದಿಂದ ಮರಕ್ಕೆ, ಒಣಗಿಸಿಟ್ಟ ರೀತಿಯಿಂದಲೂ ಬದಲಾಗುತ್ತದೆ. ಬಕೆಟ್ಟಿನಲ್ಲಿ ಎಷ್ಟಿದೆ ಅಂತ ಹೇಗೆ ಹೇಳ್ತೀರಿ? ಸೇವಂತಿಗೆ ಜಾತಿಯ ಹೂವಿನಿಂದ ತೆಗೆದ ಕೀಟನಾಶಕ ಪೈರೆತ್ರಮ್ ಬಿಸಿಲಿಗೆ ನಿಲ್ಲುತ್ತಿರಲಿಲ್ಲ. ಅದನ್ನೇ ಮಾದರಿಯಾಗಿಟ್ಟುಕೊಂಡು ಬ್ರಿಟನ್ನಿನ ಕೃಷಿ ಸಂಶೋಧನಾ ಕೇಂದ್ರ ರೋಥಮ್‌ಸ್ಟೆಡ್‌ನಲ್ಲಿ ಬಿಸಿಲು ತಾಳುವ ಪರ್ಮೆತ್ರಿನ್ ಅನ್ನೋ ಕೃತಕ ಕೀಟನಾಶಕ ಮಾಡಿದರು, 1973ರ ಹೊತ್ತಿಗೆ. ಅದು ಜೇನಿಗೂ ಮೀನಿಗೂ ಒಳ್ಳೆಯದಲ್ಲ ಅನ್ನೋದು ನಿಜ, ಅದನ್ನು ನಾನು ಇಲ್ಲಿ ಬರೆಯಬಾರದಿತ್ತೇನೋ.

ಕುಂಡದಲ್ಲಿ ನಾಲ್ಕು ಗಿಡ ಇಟ್ಟವರು ಐದು ದಿನ ಕಾಯಬಹುದು. ಎಕರೆಗಟ್ಟಲೆ ಬೆಳೆದವರ ಹೊಲಕ್ಕೆ ಮಿಡತೆ ಇಳಿದರೆ ಸಂಜೆಯೊಳಗೆ ಮುಗಿದಿರುತ್ತದೆ.