ಬೇಕಾಗಿದ್ದಾರೆ: ಎಲ್ಲವನ್ನೂ ಕಲಿತು ಮುಗಿಸಿದ ಕಲಿಕೆಯವರು

ಕ್ರೀಡಾ ವರದಿಗಾರಿಕೆಯ ಇಂಟರ್ನ್‌ಶಿಪ್ ಜಾಹೀರಾತನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ವಿಡಿಯೋ ಎಡಿಟಿಂಗ್ ಗೊತ್ತಿರಬೇಕು. ಥಂಬ್‌ನೇಲ್ ಮಾಡೋಕೆ ಬರಬೇಕು. ಕ್ಯಾಮೆರಾ ಮುಂದೆ ತಡವರಿಸಬಾರದು, ದಿನಕ್ಕೊಂದಿಷ್ಟು ರೀಲ್ಸ್ ಹಾಕಬೇಕು, ಗೂಗಲ್ ಹುಡುಕಾಟದಲ್ಲಿ ಮೇಲೆ ಬರೋ ಹಾಗೆ ಮಾಡೋ ಎಸ್‌ಇಒ ತಿಳಿದಿರಬೇಕು, ಫಾಲೋವರ್ಸ್ ಜಾಸ್ತಿ ಇದ್ದವರಿಗೆ ಆದ್ಯತೆ, ಲ್ಯಾಪ್‌ಟಾಪ್ ನಿಮ್ಮದು, ಇಂಟರ್ನೆಟ್ ನಿಮ್ಮದು, ನಿಮ್ಮ ಶನಿವಾರ, ಭಾನುವಾರ ಮತ್ತು ರಾತ್ರಿಗಳು ಮಾತ್ರ ಸಂಸ್ಥೆಯವು. ಇಷ್ಟುದ್ದದ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಒಂದು ಪ್ರಶ್ನೆ ಸಿಗಲ್ಲ. ವರದಿ ಮಾಡೋಕೆ ಬರುತ್ತಾ?

ಅದೇನು ದೊಡ್ಡ ವಿಷಯ, ಬಿಡಿ.

ಪಟ್ಟಿಯ ಕೊನೆಗೆ 'ಅನುಭವ: ಕನಿಷ್ಠ ಒಂದು ವರ್ಷ' ಅಂತ ಇರುತ್ತದೆ. ಅನುಭವ ಸಿಗಲಿ ಅಂತ ತಾನೇ ಇಂಟರ್ನ್‌ಶಿಪ್‌ಗೆ ಬರೋದು? ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ. ಜೊತೆಗೆ ಪ್ರಕಟವಾದ ಬರಹಗಳ ಲಿಂಕ್ ಬೇರೆ ಕಳಿಸಬೇಕು, ಅದೂ ಆಟಗಾರರನ್ನು ಮಾತಾಡಿಸಿ ಬರೆದದ್ದಾದರೆ ಉತ್ತಮವಂತೆ. ಆಟಗಾರರು ಸಿಗೋದು ಪತ್ರಿಕಾಗೋಷ್ಠಿಯಲ್ಲಿ, ಇಲ್ಲವೇ ಮೈದಾನದಿಂದ ಹೊರಗೆ ಹೋಗೋ ದಾರಿಯ ಮಿಕ್ಸ್ಡ್ ಝೋನ್‌ನಲ್ಲಿ. ಪಂದ್ಯ ಮುಗಿಸಿ ಹೊರಡೋ ಆಟಗಾರರು ಕಂಬಿಯ ಆಚೆ ನಡೆದು ಹೋಗುತ್ತಾರೆ, ಈಚೆ ನಿಂತವರು ರೆಕಾರ್ಡರ್ ಚಾಚಿ ಹೆಸರು ಹಿಡಿದು ಕೂಗುತ್ತಾರೆ, ನಿಂತರೆ ನಿಂತರು, ಇಲ್ಲವಾದರೆ ಅವರ ಬೆನ್ನೇ ಗತಿ. ಆ ಬೆನ್ನು ನೋಡೋಕೂ ಪಾಸ್ ಬೇಕು. ಪಾಸ್‌ಗೆ ಸಂಸ್ಥೆಯ ಪತ್ರ ಬೇಕು. ಒಲಿಂಪಿಕ್ಸ್‌ನಲ್ಲಂತೂ ಪತ್ರಿಕೆಗಳ ಪಾಸು ಹಂಚಿಕೆಯಾಗೋದು ಆಯಾ ದೇಶದ ಒಲಿಂಪಿಕ್ ಸಮಿತಿಯ ಕೋಟಾದಲ್ಲಿ. ಸಂಸ್ಥೆಗೆ ಸೇರಬೇಕಾದರೆ ಬರಹ ಬೇಕು, ಬರಹಕ್ಕೆ ಪಾಸ್ ಬೇಕು, ಪಾಸ್‌ಗೆ ಸಂಸ್ಥೆ ಬೇಕು. ಸುತ್ತಿ ಸುತ್ತಿ ಬಂದರೆ ಅದೇ ಗೇಟು, ಅದೇ ಸೆಕ್ಯೂರಿಟಿ.

ಇನ್ನು ಅರ್ಜಿ. ಸಿವಿ ಅಪ್‌ಲೋಡ್ ಮಾಡಿ ಅಂತಾರೆ, ಮಾಡಿದ ಮೇಲೆ ಅದರಲ್ಲಿರೋದನ್ನೆಲ್ಲ ಒಂದೊಂದೇ ಡಬ್ಬಿಯಲ್ಲಿ ಮತ್ತೆ ಟೈಪ್ ಮಾಡಿ ಅಂತಾರೆ. ಬಹುಶಃ ತಾಳ್ಮೆಯ ಪರೀಕ್ಷೆ ಇರಬೇಕು. ಕವರ್ ಲೆಟರ್‌ನಲ್ಲಿ ಪ್ಯಾಷನ್ ತೋರಿಸಬೇಕು. ಹಾಗಾಗಿ ಅರ್ಜಿ ಹಾಕುವವರಿಗೆಲ್ಲ ಬಾಲ್ಯದಿಂದಲೂ ಕ್ರೀಡೆಯೇ ಉಸಿರು. ಪ್ಯಾಷನ್ ಕೇಳೋಕೆ ಕಾರಣ ಇದೆ. ಪ್ಯಾಷನ್ ಇದ್ದವರಿಗೆ ಹಸಿವಾಗಲ್ಲ, ಬಾಡಿಗೆ ಕಟ್ಟೋ ತಾಪತ್ರಯ ಇರಲ್ಲ, ಬಸ್ಸಿನವರೂ ಪುಕ್ಕಟೆ ಹತ್ತಿಸಿಕೊಳ್ಳುತ್ತಾರೆ ಅನ್ನೋದು ಈ ಕ್ಷೇತ್ರದ ಗಟ್ಟಿ ನಂಬಿಕೆ. ಸ್ಟೈಪೆಂಡ್ ಬಗ್ಗೆ ಕೇಳಿದರೆ 'ಎಕ್ಸ್‌ಪೋಷರ್ ಸಿಗುತ್ತೆ' ಅನ್ನೋ ಉತ್ತರ. ಕೊನೆಯಲ್ಲಿ ಸರ್ಟಿಫಿಕೇಟ್, ಅದೂ ಪಿಡಿಎಫ್. ಪ್ರಿಂಟ್ ಖರ್ಚು ನಮ್ಮದೇ.

ಟೆಸ್ಟ್ ಅಸೈನ್‌ಮೆಂಟ್ ಅಂತ ಒಂದಿದೆ. ಎರಡು ಲೇಖನ, ಒಂದು ವಿಡಿಯೋ, ಮುಂದಿನ ತಿಂಗಳ ಟೂರ್ನಿಗೆ ಪೂರ್ತಿ ಕಂಟೆಂಟ್ ಪ್ಲಾನ್. ಪ್ಲಾನ್ ಕಳಿಸಿದ ಮೇಲೆ ಆ ಕಡೆಯಿಂದ ಸದ್ದಿರಲ್ಲ. ಟೂರ್ನಿ ಶುರುವಾದಾಗ ಅವರ ಪೇಜ್‌ನಲ್ಲಿ ಎಲ್ಲೋ ನೋಡಿದಂಥ ಐಡಿಯಾಗಳು ಕಾಣಿಸಿದರೆ ಗಾಬರಿಯಾಗಬೇಡಿ, ಮಹಾನ್ ಮನಸ್ಸುಗಳು ಒಂದೇ ಥರ ಯೋಚಿಸುತ್ತವೆ.

ನಿಜಕ್ಕೂ ಪರೀಕ್ಷೆ ಮಾಡಬೇಕು ಅಂದರೆ ದಾರಿ ಇಲ್ಲವಾ? ಲಾರ್ಡ್ಸ್‌ನಲ್ಲಿ ನಡೆದ 2019ರ ಕ್ರಿಕೆಟ್ ವಿಶ್ವಕಪ್ ಫೈನಲ್ ತಗೊಳ್ಳಿ. ನ್ಯೂಜಿಲೆಂಡ್ 241, ಇಂಗ್ಲೆಂಡ್ 241. ಟೈ ಮುರಿಯೋಕೆ ತಲಾ ಒಂದು ಓವರ್ ಆಡಿಸಿದ ಸೂಪರ್ ಓವರ್‌ನಲ್ಲಿ ಇಬ್ಬರದೂ 15. ಕೊನೆಗೆ ಬೌಂಡರಿ ಲೆಕ್ಕ ಹಾಕಿ, 26 ಹೊಡೆದ ಇಂಗ್ಲೆಂಡ್ ಗೆದ್ದಿತು, 17 ಹೊಡೆದ ನ್ಯೂಜಿಲೆಂಡ್ ಸೋಲದೆಯೇ ಸೋತಿತು. ಪಂದ್ಯ ಬಿಗಿಯಾದಾಗ ವರದಿಗಾರರು ಇವರು ಗೆದ್ದರೆ ಒಂದು, ಅವರು ಗೆದ್ದರೆ ಒಂದು ಅಂತ ಎರಡು ವರದಿ ಸಿದ್ಧ ಇಟ್ಟುಕೊಳ್ಳೋದು ರೂಢಿ. ಅಂಥ ಸಂಜೆ ಎರಡು ಸಾಕಾಗುತ್ತಾ? ಈ ಫೈನಲ್‌ನ ಮೊದಲ ಪ್ಯಾರಾವನ್ನು ಹತ್ತು ನಿಮಿಷದಲ್ಲಿ, ಅಂಕಿ ತಪ್ಪದೆ, ನಿಯಮ ಗೊತ್ತಿಲ್ಲದವರಿಗೂ ಅರ್ಥವಾಗೋ ಹಾಗೆ ಬರೆದು ಕೊಡಿ ಅನ್ನಬಹುದು. ಯಾರಿಗೆ ಬರುತ್ತೆ, ಯಾರಿಗೆ ಬರಲ್ಲ ಅಂತ ಅಲ್ಲೇ ಗೊತ್ತಾಗುತ್ತೆ. ಆದರೆ ಅದನ್ನು ಓದಿ ನೋಡೋಕೆ ಸಂಸ್ಥೆಯಲ್ಲಿ ಒಬ್ಬರಾದರೂ ಬೇಕಲ್ಲ. ರೀಲ್ಸ್ ಆದರೆ ಲೈಕ್ ಎಣಿಸಿದರೆ ಸಾಕು.

ಒಬ್ಬರೇ ಹತ್ತು ಕೆಲಸ ಮಾಡೋದು ಹೊಸದೇನಲ್ಲ, ಇದನ್ನೂ ಹೇಳಬೇಕು. ಫ್ರಾನ್ಸಿನ 'ಲೋಟೋ' ಕ್ರೀಡಾ ಪತ್ರಿಕೆಗೆ ಓದುಗರು ಸಾಲದೆ ಇದ್ದಾಗ, ದೇಶವನ್ನೇ ಸುತ್ತೋ ಸೈಕಲ್ ರೇಸ್ ಮಾಡೋಣ ಅಂತ ಸೂಚಿಸಿದ್ದು ಜಿಯೋ ಲೆಫೆವ್ರ್ ಅನ್ನೋ ಯುವ ವರದಿಗಾರ. 1903ರಲ್ಲಿ ಟೂರ್ ಡಿ ಫ್ರಾನ್ಸ್ ಹುಟ್ಟಿತು, ಪತ್ರಿಕೆಯ ಮಾರಾಟ ಏರಿತು. ರೇಸ್ ನಡೆಸೋದು, ತೀರ್ಪು ಕೊಡೋದು, ವರದಿ ಬರೆಯೋದು ಎಲ್ಲವನ್ನೂ ರೈಲು ಹತ್ತಿ, ಸೈಕಲ್ ತುಳಿದು ಲೆಫೆವ್ರ್ ಅವರೇ ಮಾಡಿದರು. ಇವತ್ತಿನ ಎಚ್‌ಆರ್‌ನವರಿಗೆ ಈ ಕಥೆ ಸಿಕ್ಕರೆ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಆದರೆ ಲೆಫೆವ್ರ್ ಪತ್ರಿಕೆಯ ನೌಕರ, ಸರ್ಟಿಫಿಕೇಟ್‌ಗೆ ದುಡಿದವರಲ್ಲ.

ಹೊಸ ಪೈಪೋಟಿ ಯಂತ್ರದ್ದು. 2023ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲಂಬಸ್ ಡಿಸ್‌ಪ್ಯಾಚ್ ಪತ್ರಿಕೆ ಹೈಸ್ಕೂಲ್ ಪಂದ್ಯಗಳ ವರದಿಯನ್ನು ಎಐ ಕೈಲಿ ಬರೆಸಿತು. ಒಂದು ಫುಟ್‌ಬಾಲ್ ವರದಿಯಲ್ಲಿ ತಂಡದ ಗುರುತಾದ ಮ್ಯಾಸ್ಕಾಟ್ ಹೆಸರು ಇರಬೇಕಾದ ಕಡೆ 'ಗೆದ್ದ ತಂಡದ ಮ್ಯಾಸ್ಕಾಟ್' ಅನ್ನೋ ಖಾಲಿ ಜಾಗದ ಗುರುತೇ ಚೌಕ ಕಂಸದ ಸಮೇತ ಪ್ರಕಟವಾಯಿತು. ಜನ ನಕ್ಕರು, ಪತ್ರಿಕೆಯವರು ಪ್ರಯೋಗ ನಿಲ್ಲಿಸಿದರು. ನನ್ನ ಹೊಟ್ಟೆಯುರಿ ಬೇರೆ. ಆ ಯಂತ್ರವನ್ನು ಒಂದು ವರ್ಷದ ಅನುಭವ ಇದೆಯಾ ಅಂತ ಯಾರಾದರೂ ಕೇಳಿದ್ರಾ? ಕವರ್ ಲೆಟರ್? ಸ್ವಂತ ಲ್ಯಾಪ್‌ಟಾಪ್? ಮೊದಲ ದಿನವೇ ವರದಿ ಬರೆದವರ ಹೆಸರು ಹಾಕೋ ಬೈಲೈನ್‌ಗೆ ಬಂದು ಕೂತಿತು, ಪುಣ್ಯಾತ್ಮ.

ಇಷ್ಟೆಲ್ಲ ದಾಟಿದವರಿಗೆ ವಿಡಿಯೋ ಕಾಲ್‌ನಲ್ಲಿ ಸಂದರ್ಶನ. ಕೊನೆಗೆ, ನಿಮಗೇನಾದರೂ ಕೇಳೋದಿದೆಯಾ ಅಂತಾರೆ. ಕೇಳಿ, ಸಂಕೋಚ ಬೇಡ.

"ಸರ್, ಮೈದಾನಕ್ಕೆ ಯಾವಾಗ ಕಳಿಸ್ತೀರಾ?"

"ಮೈದಾನಕ್ಕಾ? ಯಾಕೆ? ಮ್ಯಾಚ್ ಟೀವಿಲೇ ಬರುತ್ತಲ್ಲ!"