ಮೃತ ಸಮುದ್ರದ ಸುರುಳಿಗಳು ಎಸ್ಸೀನರೆಂಬ ಯೆಹೂದಿ ಪಂಥದವರವೇ?

ಪರ: ಆ ಊರಿನವರಲ್ಲದೆ ಮತ್ತಾರು?

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಜನರಿದ್ದ ಕುಮ್ರಾನ್ ಎಂಬ ಊರಿನ ಪಾಳುಗೋಡೆಗಳಿಂದ, ಸುರುಳಿಗಳು ಸಿಕ್ಕ ನಾಲ್ಕನೆಯ ಗುಹೆ ಕೂಗಳತೆಯ ದೂರದಲ್ಲಿದೆ. 1947ರಿಂದ 1956ರವರೆಗೆ ಮೃತ ಸಮುದ್ರದ ದಂಡೆಯ 11 ಗುಹೆಗಳಲ್ಲಿ ಸಿಕ್ಕ ಯೆಹೂದಿಗಳ 900ಕ್ಕೂ ಹೆಚ್ಚು ಪುರಾತನ ಹಸ್ತಪ್ರತಿಗಳಲ್ಲಿ (ಸುರುಳಿಗಳೆಂದರೆ ಇವೇ) ಅರ್ಧಕ್ಕಿಂತ ಹೆಚ್ಚಿನವು ಈ ಒಂದೇ ಗುಹೆಯವು. ಹೊರಗಿನವರು ಯಾರೋ ಬಂದು, ಊರಿನವರ ಕಣ್ಣಿಗೆ ಬೀಳದೆ, ಇಷ್ಟನ್ನೂ ಬಚ್ಚಿಟ್ಟು ಹೋದರೆಂದರೆ ನನಗೆ ನಂಬಿಕೆ ಬರುವುದಿಲ್ಲ. ಗುಹೆಗಳಲ್ಲಿದ್ದ ನೀಳವಾದ ಜಾಡಿಗಳಂಥವೇ ಊರಿನ ಅವಶೇಷಗಳಲ್ಲೂ ಸಿಕ್ಕಿವೆ. ಬೇರೆ ಕಡೆ ಅವು ತೀರಾ ಅಪರೂಪ.

ಊರಿನವರು ಯಾರೆಂಬುದಕ್ಕೆ ಆ ಕಾಲದವರದೇ ಸಾಕ್ಷ್ಯವಿದೆ. ಈ ಸಮುದ್ರದ ಪಶ್ಚಿಮಕ್ಕೆ ಹೆಣ್ಣು, ಹಣ ಎರಡನ್ನೂ ತೊರೆದು, ಖರ್ಜೂರದ ಮರಗಳ ನಡುವೆ ಬಾಳುವ ಎಸ್ಸೀನರಿದ್ದಾರೆಂದು ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಯೆಹೂದಿ ಇತಿಹಾಸಕಾರ ಜೋಸೆಫಸ್ ಇನ್ನೂ ಹತ್ತಿರದಿಂದ ನೋಡಿದವನು. ಹೊಸಬರನ್ನು ವರ್ಷಗಟ್ಟಲೆ ಪರೀಕ್ಷಿಸಿ ಸೇರಿಸಿಕೊಳ್ಳುವುದು, ಆಸ್ತಿಯನ್ನು ಎಲ್ಲರದಾಗಿ ಮಾಡುವುದು, ಒಟ್ಟಿಗೆ ಕುಳಿತು ಉಣ್ಣುವುದು ಅವನ ಎಸ್ಸೀನರಲ್ಲೂ ಇದೆ, ಮೊದಲನೆಯ ಗುಹೆಯ 'ಸಮುದಾಯದ ನಿಯಮ' ಎಂಬ ಸುರುಳಿಯಲ್ಲೂ ಇದೆ. ಎಸ್ಸೀನರು ಜನರ ನಡುವೆ ಉಗುಳುವುದಿಲ್ಲ ಎನ್ನುತ್ತಾನೆ ಜೋಸೆಫಸ್. ಸಭೆಯ ನಡುವೆ ಉಗುಳಿದವನಿಗೆ 30 ದಿನಗಳ ದಂಡನೆ ಎನ್ನುತ್ತದೆ ಸುರುಳಿ. ದೊಡ್ಡ ತತ್ವಗಳು ಯಾರಿಂದ ಯಾರಿಗಾದರೂ ಹರಿದು ಬಂದಾವು. ಇಂಥ ಸಣ್ಣ ಕಟ್ಟಳೆ ಹೊಂದಿಕೊಂಡಾಗ ಅದನ್ನು ಕಾಕತಾಳೀಯ ಎಂದು ತಳ್ಳಿಹಾಕುವುದು ಹೇಗೆ?

ಇವು ಜೆರುಸಲೇಮಿನ ದೇವಾಲಯದ ಪುಸ್ತಕಗಳೆಂಬ ವಾದವೂ ಇದೆ. ಆದರೆ ಈ ಸುರುಳಿಗಳಲ್ಲಿ ಹಲವು ನಂಬುವ ವರ್ಷಕ್ಕೆ 364 ದಿನ. ಆ ಲೆಕ್ಕ ಹಿಡಿದರೆ ಹಬ್ಬಗಳೆಲ್ಲ ದೇವಾಲಯದ ಹಬ್ಬಗಳಿಗಿಂತ ಬೇರೆ ದಿನ ಬೀಳುತ್ತವೆ. ಇವುಗಳಲ್ಲೊಂದಾದ, ಹಬಕ್ಕೂಕ ಪ್ರವಾದಿಯ ಮೇಲಿನ ವ್ಯಾಖ್ಯಾನವಂತೂ ತಮ್ಮ ಗುರುವನ್ನು ಕಾಡಿದ 'ದುಷ್ಟ ಯಾಜಕ'ನನ್ನು ಶಪಿಸುತ್ತದೆ. ತನ್ನನ್ನೇ ಹಳಿಯುವ ಬರಹಗಳನ್ನು ದೇವಾಲಯ ಕಾಪಾಡಿಕೊಂಡು ಬಂದಿತೇ?

ವಿರೋಧ: ಒಂದೇ ಪಂಥದ ಗ್ರಂಥಾಲಯವಲ್ಲ

ಕುಮ್ರಾನನ್ನು 1951ರಿಂದ 1956ರವರೆಗೆ ಅಗೆಸಿದ ರೋಲಾಂ ದ ವೋ, ಡೊಮಿನಿಕನ್ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಪಾದ್ರಿ. ಉದ್ದನೆಯ ಹಜಾರವೊಂದು ಅವರಿಗೆ ಮಠದ ಭೋಜನಶಾಲೆಯಾಗಿ ಕಂಡಿತು. ಕೆಲವು ಮಸಿಕುಡಿಕೆಗಳು ಸಿಕ್ಕ ಕಡೆ ಲಿಪಿಕಾರರ ಕೋಣೆ ಕಂಡಿತು. ಅವರ ವಿದ್ವತ್ತಿನ ಬಗ್ಗೆ ನನಗೆ ಗೌರವವಿದೆ. ಆದರೂ ಆ ಕಟ್ಟಡಗಳೊಳಗೆ ಸುರುಳಿಯ ಒಂದು ಚೂರೂ ಸಿಗಲಿಲ್ಲ ಎಂಬುದನ್ನು ಮರೆಯಲಾಗದು. 1993ರಿಂದ 2004ರವರೆಗೆ ಅಲ್ಲಿ ಅಗೆದ ಯಿಟ್ಝಾಕ್ ಮಾಗೆನ್ ಮತ್ತು ಯುವಾಲ್ ಪೆಲೆಗ್, ಕೊಳದ ತಳದ ನುಣ್ಣನೆಯ ಜೇಡಿಮಣ್ಣನ್ನು ನೋಡಿ, ಇದು ಮಡಕೆ ಮಾಡುತ್ತಿದ್ದ ಜಾಗವೆಂದರು. ಹಾಗಾದರೆ ಜಾಡಿಗಳ ಹೋಲಿಕೆ ಹೇಳುವುದು ಅವು ಎಲ್ಲಿ ತಯಾರಾದವು ಎಂಬುದನ್ನಷ್ಟೇ.

ಸುರುಳಿಗಳನ್ನು ಬರೆದ ಕೈಗಳನ್ನು ನೋಡಿ. ವಿದ್ವಾಂಸ ನಾರ್ಮನ್ ಗೋಲ್ಬ್ 1980ರಿಂದ ಹೇಳುತ್ತಾ ಬಂದದ್ದು ಇದನ್ನೇ: ನೂರಾರು ಲಿಪಿಕಾರರ ಬೇರೆ ಬೇರೆ ಅಕ್ಷರಗಳಿವೆ, ಒಂದೇ ಕೈ ಹಲವು ಪ್ರತಿಗಳಲ್ಲಿ ಮರಳುವುದು ಅಪರೂಪ. ಒಂದು ಸಣ್ಣ ಊರಿನಲ್ಲಿ ಅಷ್ಟು ಮಂದಿ ಬರಹಗಾರರು ಎಲ್ಲಿಂದ ಬರಬೇಕು? ಕ್ರಿ.ಶ. 70ರಲ್ಲಿ ರೋಮನ್ ಸೈನ್ಯ ಜೆರುಸಲೇಮನ್ನು ನಾಶಮಾಡುವ ಮುನ್ನ, ನಗರದ ಹಲವಾರು ಗ್ರಂಥಾಲಯಗಳಿಂದ ಇವನ್ನು ತಂದು ಅಡಗಿಸಿದರು ಎಂಬುದು ಗೋಲ್ಬ್ ಅವರ ನಿಲುವು. ಹಲವಾರು ಎಂಬುದನ್ನು ಗಮನಿಸಬೇಕು. ದೇವಾಲಯವನ್ನು ಹಳಿಯುವ ಬರಹ ದೇವಾಲಯದ್ದೇ ಆಗಿರಬೇಕಿಲ್ಲ. ಒಳಜಗಳಗಳಿಂದ ತುಂಬಿದ್ದ ಆ ನಗರದಲ್ಲಿ ಅದನ್ನು ಓದುವವರು ಇದ್ದೇ ಇದ್ದರು.

ಸುರುಳಿಗಳೂ ಒಂದೇ ಮಾತಾಡುವುದಿಲ್ಲ. ಹೆಣ್ಣಿಲ್ಲದ ಬದುಕು ಎಂದ ಪ್ಲಿನಿಗೆ ಎದುರಾಗಿ 'ದಮಸ್ಕ ದಸ್ತಾವೇಜು' ಎಂಬ ಸುರುಳಿ ಹೆಂಡತಿ ಮಕ್ಕಳಿರುವ ಮನೆಗಳಿಗೆ ನಿಯಮ ಹೇಳುತ್ತದೆ. 1994ರಲ್ಲಿ ಪೂರ್ಣವಾಗಿ ಪ್ರಕಟವಾದ ಶುದ್ಧಾಶುದ್ಧದ ಪತ್ರವೊಂದರ ಕೆಲವು ತೀರ್ಪುಗಳು ಇನ್ನೊಂದು ಯೆಹೂದಿ ಪಂಥವಾದ ಸದ್ದುಕಾಯರವೆಂದು ವಿದ್ವಾಂಸ ಲಾರೆನ್ಸ್ ಶಿಫ್‌ಮನ್ ತೋರಿಸಿದ್ದಾರೆ.

ಇನ್ನು ಮಸಾಡ. ಕುಮ್ರಾನಿನಲ್ಲಿ ಸಿಕ್ಕ 'ಸಬ್ಬತ್ ಬಲಿಯ ಹಾಡುಗಳು' ಎಂಬ ಕೃತಿಯ ಪ್ರತಿಯೊಂದು, ರೋಮಿನ ವಿರುದ್ಧ ಬಂಡೆದ್ದ ಯೆಹೂದಿಗಳ ಆ ಕೋಟೆಯಲ್ಲೂ ಸಿಕ್ಕಿತು. ಕುಮ್ರಾನಿನಿಂದ ಓಡಿಬಂದವರು ತಂದಿರಬೇಕು ಎನ್ನುತ್ತಾರೆ ಎಸ್ಸೀನ್ ವಾದದವರು. ಜೆರುಸಲೇಮಿನಿಂದ ಓಡಿಬಂದವರು ಯಾಕೆ ತಂದಿರಬಾರದು?